ಮೂರು ಕಲ್ಲಿನ ದಾರಿ

ಶೈಲಶ್ರೀ ಕೂತಲ್ಲಿ ಕೂರುವ ಹುಡುಗಿಯಲ್ಲ. ಊಟಕ್ಕೆ ಕೂತರೂ ಅವಳ ಒಂದು ಕಾಲು ಹೊಸ್ತಿಲ ಕಡೆ ಚಾಚಿಕೊಂಡಿರುತ್ತಿತ್ತು. “ಈಕಿ ಕಾಲಾಗ ಚಕ್ರ ಐತಿ” ಎಂದು ಅಜ್ಜಿ ಹಂಪಮ್ಮ ಮುದ್ದಿನಿಂದ ಹೇಳಿದರೆ, ಅದೇ ಮಾತನ್ನು ಅಪ್ಪ ಹಾಲೇಶ್ ಸಿಟ್ಟಿನಿಂದ ಹೇಳುತ್ತಿದ್ದ.

ಹೊಸಪೇಟೆಯಲ್ಲಿ ಅವರ ಓಣಿ ಮುಗಿಯುವಲ್ಲೇ ಗುಡ್ಡ ಶುರುವಾಗುತ್ತದೆ. ಕಸದ ತಿಪ್ಪೆ, ಒಡೆದ ಪೈಪು, ಜಾಲಿಪೊದೆ ದಾಟಿದರೆ ಸಾಕು, ಬಸ್ಸುಗಳ ಹಾರನ್ ಸದ್ದು ಕಿವಿಯಿಂದ ಒಂದೊಂದಾಗಿ ಉದುರಿಹೋಗುತ್ತದೆ. ಹೊರಗಿನವರು ಅಡ್ಡಾಡಲು ಹಂಪಿಗೆ ಹೋಗುತ್ತಾರೆ. ಊರೊಳಗಿನ ಈ ಗುಡ್ಡವನ್ನು ಕೇಳುವವರಿರಲಿಲ್ಲ. ಆದರೆ ಅಜ್ಜಿಯ ಕತೆಯಲ್ಲಿ ಅದರ ನೆತ್ತಿಯ ಹತ್ತಿರ ಒಂದು ದೊಣೆ ಇತ್ತು, ಬಂಡೆಯ ಬೊಗಸೆಯಲ್ಲಿ ನಿಂತ ನೀರು. ಕುಡಿಯಲೆಂದು ಬಗ್ಗಿದ ರಾಕ್ಷಸಿಯೊಬ್ಬಳು ಅದರಲ್ಲಿ ತನ್ನ ಮುಖ ನೋಡಿ ನಾಚಿ ಹಾಗೇ ಹೊರಟುಹೋದಳಂತೆ. ಅವಳ ಪಾಲಿನ ನೀರು ಇನ್ನೂ ಉಳಿದಿದೆಯಂತೆ.

ಚಳಿಗಾಲವೆಲ್ಲ ಹುಡುಕಿ ಶೈಲಶ್ರೀ ಆ ದೊಣೆಯನ್ನು ಕಂಡುಕೊಂಡಿದ್ದಳು. ದಾರಿ ಮರೆಯದಿರಲೆಂದು ತಿರುವು ತಿರುವಿಗೂ ಮೂರು ಕಲ್ಲು ಒಂದರ ಮೇಲೊಂದು ಇಟ್ಟು ಬಂದಿದ್ದಳು. ಅದನ್ನು ಹೇಳಿದ್ದು ಅಜ್ಜಿಗೆ ಮಾತ್ರ. ಆಮೇಲೆ ಫೋನಿನಲ್ಲಿ ಹಾಕಿದಳು: ಐತವಾರ ಬೆಳಿಗ್ಗೆ, ಊರೊಳಗಿನ ಗುಡ್ಡಕ್ಕೆ ನಡಿಗೆ, ಬರುವವರು ಬರಬಹುದು. ಆರು ಮಂದಿ ಬರುತ್ತೇವೆಂದರು.

ಅಪ್ಪ ಕಟ್ಟುನಿಟ್ಟು. ಕಂಪ್ಲಿಯಲ್ಲಿ ಅವನ ಅಕ್ಕಿ ಗಿರಣಿ. ಮಗಳು ಅಲ್ಲಿ ಆಫೀಸಿನಲ್ಲಿ ಕೂರಬೇಕೆಂಬುದು ಅವನ ಹಟ. “ಇದೊಂದು ಐತಾರ ಹೋಗು. ಕರ್ಕೊಂಡು ಹೋದ ಮಂದ್ಯಾಗ ಒಬ್ರು ದಾರಿ ತಪ್ಪಿಸ್ಕೊಂಡ್ರೂ ಅಲ್ಲಿಗೆ ಮುಗೀತು. ಸೋಮಾರದಿಂದ ಗಿರಣಿ, ಕುರ್ಚಿ, ಫ್ಯಾನು.”

ಆ ಕುರ್ಚಿ ನೆನೆದರೇ ಅವಳ ಅಂಗಾಲು ತುರಿಸುತ್ತಿತ್ತು.

ಐತವಾರ ಬೆಳಿಗ್ಗೆ ಆರು ಮಂದಿಯನ್ನು ಕರೆದುಕೊಂಡು ಗುಡ್ಡ ಹತ್ತಿದಳು. ಮೊದಲ ಮೂರು ಕಲ್ಲು ಸಿಕ್ಕವು. ಎರಡನೆಯ ಗುರುತೂ ಸಿಕ್ಕಿತು. ತಂಗಡಿ ಹೂವಿನ ಪೊದೆ ದಾಟಿ ಮೂರನೆಯದಕ್ಕೆ ತಲೆಯೆತ್ತಿದವಳು ನಿಂತೇಬಿಟ್ಟಳು.

ಗುಡ್ಡದ ತುಂಬ ಕಲ್ಲು ನಿಂತಿದ್ದವು. ಬಂಡೆ ಬಂಡೆಯ ಮೇಲೆ, ಸಂದಿ ಸಂದಿಯಲ್ಲಿ, ಮೂರು, ಐದು, ಏಳು. ಕೆಲವಕ್ಕೆ ಅರಿಸಿನ, ಒಂದಕ್ಕೆ ಹಸಿರು ಬಳೆ.

“ಯಾವ್ದು ಮೇಡಂ ನಿಮ್ದು?” ಎಂದ ಕನಕರಾಜ್. ಉಕ್ಕಿನ ಕಾರ್ಖಾನೆಯವನು, ನಡಿಗೆಗೆಂದೇ ಹೊಸ ಬೂಟು ಕೊಂಡಿದ್ದ.

“ಈ ಕಡಿ” ಎಂದು ಎಡಕ್ಕೆ ನಡೆದಳು. ಮುಳ್ಳು ಎದುರಾಯಿತು. ಬಲಕ್ಕೆ ನಡೆದರೆ ಕಾಲಿಡಲಾಗದ ಇಳಿಜಾರು. ಮತ್ತೆ ಅದೇ ತಂಗಡಿ ಪೊದೆ. ಬಿಸಿಲು ಬಂಡೆಗೆ ಹತ್ತಿತ್ತು, ನೀರಿನ ಬಾಟಲಿಗಳು ಹಗುರಾಗಿದ್ದವು. ಅವಳ ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಅಪ್ಪ. ಅವಳು ಎತ್ತಲಿಲ್ಲ.

“ಮ್ಯಾಪ್‌ನಾಗ ಬರೇ ಹಸಿರು ತೋರಿಸ್ತೈತಿ” ಎಂದು ಕನಕರಾಜ್ ರೇಗಿದ. “ಯಾರೋ ಕಿಡಿಗೇಡಿಗಳ ಕೆಲ್ಸರೀ ಇದು. ಸುಳ್ಳು ಗುರುತೆಲ್ಲಾ ಕೆಡವಿಬಿಟ್ರೆ ಖರೇದು ಉಳೀತೈತಿ.” ಅವನ ಹೊಸ ಬೂಟು ಮೇಲೆದ್ದಿತು.

“ಒದೀಬ್ಯಾಡ್ರಿ!” ಅವಳ ದನಿ ಅವಳಿಗೇ ಹೊಸದೆನಿಸಿತು. “ಅದು ಮನಿರೀ.”

“ಏನು ಮನಿ? ಕಲ್ಲು, ಮೇಡಂ.”

“ಯಾರೋ ಬೇಡ್ಕೊಂಡ ಮನಿ.”

ಹಂಪಿಯ ಮಂಟಪಗಳ ಪಕ್ಕ ಜನ ಹೀಗೆ ಕಲ್ಲು ಜೋಡಿಸುವುದನ್ನು ಚಿಕ್ಕಂದಿನಿಂದ ನೋಡಿದವಳು ಅವಳು. ಸ್ವಂತ ಸೂರು ಬೇಕೆಂದವರು ಕಲ್ಲಿನ ಮೇಲೆ ಕಲ್ಲು ಇಟ್ಟು ಕೈಮುಗಿಯುತ್ತಾರೆ. ಅದನ್ನೆಲ್ಲ ಬಲ್ಲವಳು ದಾರಿಯ ಗುರುತಿಗೂ ಕಲ್ಲನ್ನೇ ಇಟ್ಟಿದ್ದಳಲ್ಲ!

“ಯಾರವ್ವಾ ಅದು, ಗುಡ್ಡ ಹಾರಿಹೋಗೂ ಹಂಗ ಒದರ್ತಾರ?” ಮೇಲಿನ ಬಂಡೆಯ ಹಿಂದಿನಿಂದ ಒಂದು ತಲೆ ಇಣುಕಿತು. ಅವರದೇ ಓಣಿಯ ಬಾಡಿಗೆ ಕೋಣೆಯಲ್ಲಿರುವ ಚೆನ್ನಬಸಮ್ಮ.

“ಚೆನ್ನಬಸಕ್ಕಾ! ನೀ ಇಲ್ಲೇನು ಮಾಡಾಕತ್ತಿ?”

“ಎಲ್ಲಾರೂ ಮಾಡಿದ್ದ. ಗುಡ್ಡದ ಮ್ಯಾಲೆ ಕಲ್ಲು ತಾವಾ ಎದ್ದು ನಿಂತಾವು, ರಾಕ್ಷಸಿ ಹೊಳ್ಳಿ ಬಂದು ಮನಿ ಕಟ್ಟಾಕತ್ಯಾಳ ಅಂತ ನಿಮ್ಮಜ್ಜಿ ನಳದ ಹತ್ರ ಹೇಳಿದ್ಲು. ಕಲ್ಲಿಟ್ರ ನಮಗೂ ಮನಿ ಆಗ್ತೈತಿ ಅಂತ ವಾರ ಎಲ್ಲಾ ಓಣಿಗೆ ಓಣೀನ ಗುಡ್ಡ ಹತ್ತೈತಿ. ನಾ ಇವತ್ತು ಬಂದೆ. ಬಾಡಿಗಿ ಮನ್ಯಾಗ ಗ್ವಾಡಿಗೆ ಮೊಳಿ ಹೊಡಿಯಾಕೂ ಬಿಡಂಗಿಲ್ಲವ್ವಾ.”

ಹಿಂದೆ ಯಾರೋ ಕಿಸಕ್ಕೆಂದರು. ಶೈಲಶ್ರೀಯ ಮುಖ ಕೆಂಪಾಯಿತು. ಅವಳಿಟ್ಟ ಗುರುತನ್ನು ಅಜ್ಜಿ ಕತೆ ಮಾಡಿದ್ದಳು. ಕತೆ ಗುಡ್ಡ ಹತ್ತಿ ಗುರುತನ್ನು ನುಂಗಿತ್ತು.

“ಅಕ್ಕಾ, ನಂಗ ದಾರಿ ತಪ್ಪೈತಿ” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ದೊಣಿ ಎಲ್ಲೈತಿ ಗೊತ್ತಿಲ್ಲ.”

ಚೆನ್ನಬಸಮ್ಮ ಕೈ ಮುಂದೆ ಮಾಡಿದಳು. ಒದ್ದೆ ಕೈ, ಉಗುರಿನಲ್ಲಿ ಅರಿಸಿನ. “ಮತ್ತ ಇದನ್ನೆಲ್ಲಿ ತೊಳ್ಕೊಂಡೆ ಅಂತೀ? ಬರ್ರೆಲ್ಲಾ, ಹಿಂಗ ಬರ್ರಿ.”

ಬಂಡೆ ಬಳಸಿದರೆ ನೀರು. ತುದಿಯಲ್ಲಿ ಅರಿಸಿನದ ಗೆರೆ, ನಡುವೆ ಆಕಾಶ. ಕೆಳಗೆ ಇಡೀ ಹೊಸಪೇಟೆ, ಬಾಳೆತೋಟ, ದೂರದಲ್ಲಿ ಸಂಡೂರಿನ ಕೆಂಪು ಬೆಟ್ಟಗಳು. ಕನಕರಾಜ್ ಬೂಟು ಬಿಚ್ಚಿ ಕೂತು, ಕೆಡವಲು ಹೊರಟಿದ್ದ ಕಲ್ಲುಗಳ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದ.

ಫೋನು ಮತ್ತೆ ಗುಂಯ್ ಎಂದಿತು.

“ಎಲ್ಲಾರೂ ಅದಾರೇನು? ಯಾರೂ ತಪ್ಪಿಸ್ಕೊಂಡಿಲ್ಲಲ್ಲ?” ಅಪ್ಪನ ದನಿ.

ಇಲ್ಲ ಎಂದುಬಿಡಬಹುದಿತ್ತು.

“ಒಬ್ಬಾಕಿ ತಪ್ಪಿಸ್ಕೊಂಡಿದ್ಲು ಅಪ್ಪಾ. ನಾನ.”

“ಯಾರು ಹುಡುಕಿದ್ರು?”

“ಚೆನ್ನಬಸಕ್ಕ. ಅಜ್ಜಿ ನಳದ ಹತ್ರ ಕತಿ ಹೇಳಿ ಗುಡ್ಡಕ್ಕೆ ಮಂದಿ ಹತ್ತಿಸ್ಯಾಳ. ಅದ್ರಾಗ ನನ್ನ ಗುರುತು ಯಾವ್ದಂತ ತಿಳೀಲಿಲ್ಲ.”

“ಹೊಳ್ಳಿ ಬರಾಕ ದಾರಿ?”

“ಕೇಳ್ಕೊಂತ ಬರ್ತೀವಿ.”

ಫೋನಿನ ಹಿಂದೆ ಅಜ್ಜಿಯ ಕೂಗು: “ನೀರು ಐತೇನಂತ ಕೇಳೋ!” ಅಪ್ಪ ಉಸಿರು ಬಿಟ್ಟ ಸದ್ದು. “ಬರೋ ಐತಾರ ಹೋಗೂ ಮುಂಚೆ ಮೊದ್ಲು ಈ ನಿಮ್ಮಜ್ಜಿ ಬಾಯಿ ಮುಚ್ಚಿಸಿ ಹೋಗು” ಎಂದು ಫೋನಿಟ್ಟ.

ಬರೋ ಐತಾರ. ಅವಳು ಆ ಮಾತನ್ನು ಎರಡು ಸಲ ಬಾಯೊಳಗೇ ಆಡಿಕೊಂಡಳು. ಖುಷಿಗೆ ಕೂರಲಾಗಲಿಲ್ಲ. ಕಾಲು ಆಗಲೇ ದೊಣೆಯ ಆಚೆ ಬದಿಗೆ ಎಳೆಯುತ್ತಿತ್ತು. ಅಲ್ಲಿ ಆಡು ತುಳಿದ ಸಣ್ಣ ದಾರಿಯೊಂದು ಕಾಲುವೆಯ ಕಡೆ ಇಳಿದು ಮಾಯವಾಗಿತ್ತು. ಗುರುತಿಗೆಂದು ಬಗ್ಗಿ ಕಲ್ಲೊಂದನ್ನು ಎತ್ತಿಕೊಂಡವಳು ಹಾಗೇ ನಿಂತಳು.

“ಅಕ್ಕಾ, ಮನಿ ಬ್ಯಾಡಾದಾಕಿ ಎಷ್ಟು ಕಲ್ಲು ಇಡಬೇಕು?”

“ಇಡಬಾರದು. ಇದ್ದದ್ದು ಕೆಳಗ ಹಾಕಿ ನಡೀಬೇಕು” ಎಂದು ಚೆನ್ನಬಸಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಆ ಕಲ್ಲು ಇಲ್ಲಿ ಕೊಡು. ನಂಗ ಒಂದು ಕಮ್ಮಿ ಬಿದ್ದೈತಿ.”