ನನ್ನನ್ನು ಹೊತ್ತು ಎದ್ದ ಬೆಂಡೆ

ರೋಹಿಣಿ ಮಳೆ ಬಿದ್ದು ನೆಲ ಹದವಾಗಿದೆ. ಓಣಿಯವರೆಲ್ಲ ಬೀಜ ಊರುವ ಅವಸರದಲ್ಲಿದ್ದಾರೆ. ನಾನು ದ್ಯಾಮವ್ವನ ಹಿತ್ತಲಲ್ಲಿ, ಒಡಕು ಬೋಗುಣಿಯೊಳಗೆ ಕಾಯುತ್ತಿದ್ದೇನೆ. ನಾನೊಂದು ಹೆಂಚು, ಸರಿಯಾಗಿ ಹೇಳಬೇಕೆಂದರೆ, ಹೆಂಚಾಗಿದ್ದವನು.

ಹುಟ್ಟಿದ್ದು ಹೊಳೆದಂಡೆಯ ಜೇಡಿಮಣ್ಣಿನಲ್ಲಿ. ತುಳಿದರು, ಅಚ್ಚಿಗೆ ಒತ್ತಿದರು, ಸುಟ್ಟರು. ಆಮೇಲೆ ಬಹಳ ವರ್ಷ ದ್ಯಾಮವ್ವನ ಮಾಡಿನ ಮೇಲೆ ಮಲಗಿದ್ದೆ. ಗಿಡಬಳ್ಳಿಗಳು ನೆಲದಿಂದ ಬರುವುದನ್ನು ಕಂಡೆ. ಹೇಗೆ ಬರುತ್ತವೆ ಎಂಬುದು ಮಾತ್ರ ತಿಳಿಯಲಿಲ್ಲ. ಒಂದು ದಿನ ಮಂಗ ಜಿಗಿದಾಗ ನಾನು ಒಡೆದು ಹಿತ್ತಲಿಗೆ ಬಿದ್ದೆ. ಮಾಡಿಗೆ ತಗಡು ಬಂತು.

ದ್ಯಾಮವ್ವ ಪಕ್ಕದ ಮನೆಯ ಫಕ್ಕೀರವ್ವನಿಂದ ಒಂದು ಬಟ್ಟಲು ಬೆಂಡೆಬೀಜ ಕಡ ತಂದಿದ್ದಳು. ಬೀಜದ ಕಡ ಬೀಜದಿಂದಲೇ ತೀರಬೇಕು, ದುಡ್ಡು ನಡೆಯದು. ಹೋದ ವರ್ಷ ತಿರುಗಿ ಕೊಡುವಾಗ ಫಕ್ಕೀರವ್ವ ಮೂಸಿ ನೋಡಿದಳು.

"ಯಾಕವಾ ದ್ಯಾಮಿ, ಮುಗ್ಗಲ ವಾಸನಿ ಹೊಡೀತೈತಲ್ಲ?"

"ಒದ್ದಿ ಅರಬ್ಯಾಗ ಕಟ್ಟಿ ನೋಡೇನಿ. ಎಲ್ಲಾ ಮೊಳಕಿ ಒಡದಾವು!"

"ತಾಯಿ ಉಡ್ಯಾಗ ಎಲ್ಲಾರೂ ಶೂರರ. ಮಣ್ಣ ಸೀಳಿ ಬರಬೇಕಲ್ಲ? ಬರದಿದ್ರ ಸಂತಿಗೆ ಬೆಂಡಿ ಬದ್ಲಿ ನಿನ್ನ ಒಯ್ಯಲೇನ?"

ಫಕ್ಕೀರವ್ವ ಬೀಜದ ಕಂಪನಿಯಲ್ಲಿ ಕೂಲಿ ಮಾಡಿ, ಬೀಜದ ಕಸುವು ಪರೀಕ್ಷಿಸುವುದನ್ನು ಕಂಡು ಬಂದವಳು. ನನ್ನನ್ನು ಕಡಲೆಕಾಳಿನಷ್ಟು ಹರಳಾಗುವಂತೆ ಕುಟ್ಟಿದಳು. ಬೋಗುಣಿಯ ಮರಳಲ್ಲಿ ಹಿಡಿ ಬೀಜ ಇಟ್ಟು, ಮೇಲೆ ನನ್ನನ್ನು ಎರಡು ಬೆರಳು ದಪ್ಪ ಹರಡಿ ನೀರು ಚಿಮುಕಿಸಿದಳು.

"ಇದನ್ನ ಎತ್ತಿ ಬಂದದ್ದು ಬೀಜ. ಉಳದದ್ದು ಬರೇ ಕಾಳು."

ಮೊದಲು ಕಚಗುಳಿ. ಆಮೇಲೆ ಯಾರೋ ತಲೆಯಿಂದ ಗುದ್ದಿದಂತೆ. ಕತ್ತು ಮಡಚಿದ ಸಸಿಯೊಂದು ನನ್ನ ಹರಳನ್ನು ಹೊತ್ತು ಎದ್ದಿತು. ಹಿಂದೆ ಇನ್ನೂ ಕೆಲವು. ಉಳಿದವು ನನ್ನಡಿಯಲ್ಲೇ ಸುತ್ತಿ ಸುತ್ತಿ ಹಳದಿಯಾದವು. ಅವೂ ಮೊಳೆತಿದ್ದವು, ಕಸುವು ಸಾಲಲಿಲ್ಲ. ಒಂದೇ ಬಟ್ಟಲಿನ ಬೀಜಗಳಲ್ಲಿ ಇಷ್ಟು ಅಂತರ ಹೇಗೆಂದು ನನಗಿನ್ನೂ ಸೋಜಿಗ.

ದ್ಯಾಮವ್ವನ ಮುಖ ಸಣ್ಣದಾಯಿತು. "ಎರಡು ಬಟ್ಟಲ ಕೊಡತೇನಿ, ಬಿಡ."

"ಎರಡು ಬಡಕಲ ಹೋರಿ ಕೂಡಿದ್ರ ಒಂದು ಗಟ್ಟಿ ಹೋರಿ ಆಗತೈತೇನ? ಎದ್ದಾವಲ್ಲ, ಅವನ್ನ ಹಚ್ಚು. ಅವುಗಳ ಬೀಜ ಕೊಡು. ಅಲ್ಲೀತನಕ ಕಡ ಹಂಗ ಇರಲಿ."

ಆ ಸಸಿಗಳು ಗೋಡೆಯ ಬದಿಗೆ ಬೆಳೆದವು. ಮನೆಯವರು ಪಲ್ಯ ಕೇಳಿದರೂ ದ್ಯಾಮವ್ವ ಒಂದು ಕಾಯಿ ಮುರಿಯಲಿಲ್ಲ. ಎಲ್ಲವನ್ನೂ ಗಿಡದಲ್ಲೇ ಒಣಗಲು ಬಿಟ್ಟಳು.

ಇವತ್ತು ಬಟ್ಟಲು ಗೋಪುರದಂತೆ ತುಂಬಿ ಫಕ್ಕೀರವ್ವನ ಮುಂದಿಟ್ಟಳು. ಬೋಗುಣಿಗೆ ನೀರು ಚಿಮುಕಿಸಿ ಅದನ್ನೂ ಮುಂದಕ್ಕೆ ನೂಕಿದಳು. "ತಗೋ, ಪರೀಕ್ಷಾ ಮಾಡು."

ಫಕ್ಕೀರವ್ವ ಬೀಜವನ್ನು ಅಂಗೈಯಲ್ಲಿ ಉರುಳಿಸಿದಳು. "ಪಲ್ಯಕ್ಕೂ ಒಂದ ಕಾಯಿ ಮುರದಿಲ್ಲಂತಲ್ಲ ನೀ. ಇನ್ನೇನ ಪರೀಕ್ಷಾ?"

ಉಡಿಯಲ್ಲಿ ಸುರಿದುಕೊಂಡು ಹೊರಟೇಬಿಟ್ಟಳು.

ಕಡ ತೀರಿತು. ಒದ್ದೆಯಾಗಿ ಸಿದ್ಧನಾಗಿದ್ದ ನಾನು ಹಾಗೇ ಉಳಿದೆ. ಈ ಸಲದವು ನನ್ನನ್ನು ಎತ್ತುತ್ತಿದ್ದವೇ? ನಾಳೆ ಗೋಡೆಯಾಚೆ, ಫಕ್ಕೀರವ್ವನ ಹಿತ್ತಲಲ್ಲಿ, ಅವು ಹೇಗೆ ಏಳುತ್ತವೋ! ಮಾಡಿನ ಮೇಲಿದ್ದಿದ್ದರೆ ಕಾಣುತ್ತಿತ್ತು.