ಹಗಲು ನಿದ್ದೆ

ಅತ್ತೆಯನ್ನು ಗೋಡೆಯ ಕಡೆ ಮಗ್ಗುಲಾಗಿಸಿ, ಹಳೆಯ ಹಾಸನ್ನು ಬೆನ್ನಿನವರೆಗೆ ಸುರುಳಿ ಸುತ್ತಿ, ಹೊಸದರ ಅರ್ಧ ಹಾಸಿದ್ದಾಯಿತು. ಎದ್ದು ಕುರ್ಚಿಯಲ್ಲಿ ಕೂರುತ್ತೇನೆ ಅಂದರೂ ಸೊಸೆ ಕೇಳಿರಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯಿಡೀ ಮಾಡಿ ಬಂದ ಕೆಲಸವೇ ಇದು. ಅವಳ ಕೈಗೆ ಕಣ್ಣಿನ ಹಂಗು ಬೇಕಿರಲಿಲ್ಲ. ಕಣ್ಣೂ ಆಗಲೇ ಅರ್ಧ ಮುಚ್ಚಿತ್ತು ಅನ್ನಿ.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಹಗಲು ಮನೆಯಲ್ಲಿ ಒಬ್ಬರು ಬೇಕಾಯಿತು. ಗಂಡ ಹಗಲು ಬಸ್ಸು ಓಡಿಸುವವನು. ಹಾಗಾಗಿ ಇವಳು ರಾತ್ರಿ ಪಾಳಿ ಹಿಡಿದಳು. ಮೈ ತಾನೇ ಒಗ್ಗಿಕೊಳ್ಳುತ್ತದೆ ಅಂದಿದ್ದರು ಜೊತೆಯವರು. ಮೈ ಒಗ್ಗಲಿಲ್ಲ, ಮುನಿಸಿಕೊಂಡಿತು. ಕಣ್ಣು ಏರಿಗೆಳೆದರೆ ಹೊಟ್ಟೆ ನೀರಿಗೆಳೆಯಿತು: ಮಲಗಿದರೆ ಹಸಿವು, ತಟ್ಟೆಯ ಮುಂದೆ ಕೂತರೆ ವಾಕರಿಕೆ. ಮುಟ್ಟು ತನಗೆ ತೋಚಿದಾಗ ಬರುವುದು. ಕಿಟಕಿಗೆ ಕಂಬಳಿ ಕಟ್ಟಿದರೂ ಬೆಳಕು ಒಂದೆಳೆಯಾಗಿ ನುಸುಳಿ ರೆಪ್ಪೆಯ ಮೇಲೇ ಬಂದು ಕೂರುವುದು. ವಾರ್ಡಿನ ಡಾಕ್ಟರು ಅವಳ ರಕ್ತದೊತ್ತಡ ನೋಡಿ, ಹಗಲು ಪಾಳಿ ಕೇಳಿಕೋ ತಾಯಿ, ಇಲ್ಲದಿದ್ದರೆ ನೀನೂ ಇಲ್ಲೇ ಒಂದು ಮಂಚ ಹಿಡೀತೀಯ ಅಂದಿದ್ದರು. ಹಾಗೆ ಪಾಳಿ ಬದಲಿಸಲು ಕೇಳಿ ಅವಳು ಬರೆದ ಕಾಗದ ಎಷ್ಟೋ ತಿಂಗಳಿಂದ ಬೀರುವಿನ ಬಟ್ಟೆಗಳ ಕೆಳಗೆ ಮಲಗಿತ್ತು. ಮನೆಯಲ್ಲಿ ಸರಿಯಾಗಿ ನಿದ್ದೆ ಮಾಡುತ್ತಿದ್ದದ್ದು ಅದೊಂದೇ.

ಹಾಸು ಮುಗಿಯಿತು. ಅಂಗಾತ ಮಲಗಿಸುವಷ್ಟರಲ್ಲಿ ಅತ್ತೆಗೆ ಜೊಂಪು ಹತ್ತಿತ್ತು. ಸೊಸೆ ಅವರ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿದಳು. ಹೊದಿಕೆಯನ್ನು ಪಾದದಿಂದ ಮೇಲಕ್ಕೆ ತಂದು, ಮುಖವನ್ನೂ ಮುಚ್ಚಿ, ತಲೆಯ ಎರಡು ಬದಿಗೆ ನೀಟಾಗಿ ಸಿಕ್ಕಿಸಿದಳು. ಬೆಳಗಿನ ಜಾವ ವಾರ್ಡಿನ ಕೊನೆಯ ಮಂಚದಲ್ಲಿ ಮಾಡಿ ಬಂದಿದ್ದೂ ಇದನ್ನೇ. ಆಮೇಲೆ ಕಿಟಕಿ ತೆರೆಯಲು ತಿರುಗಿದಳು.

"ನಾನಿನ್ನೂ ಇದೀನಿ ಕಣೇ," ಅಂದಿತು ಹೊದಿಕೆ.

ಸೊಸೆ ಅದನ್ನು ಎಳೆದು ತೆಗೆದಳು. ಮಂಚದ ಕಾಲು ಹಿಡಿದು ನೆಲಕ್ಕೆ ಕೂತಳು. ಅತ್ತೆ ಬೈಯಲಿಲ್ಲ. ಸೊಸೆಯ ಕಣ್ಣಿನ ಕೆಳಗಿನ ಕಪ್ಪನ್ನೇ ಬಹಳ ಹೊತ್ತು ನೋಡಿದರು. ಕಾಗದದ ವಿಷಯ ತನಗೆ ಗೊತ್ತಿದೆ, ಈಗೀಗ ಬೀರುವಿನಲ್ಲಿ ಬಟ್ಟೆ ಮಡಿಸಿಡುವುದು ತಾನೇ ಅಲ್ಲವೇ ಅಂದರು.

"ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗೋಕೆ ನಂಗೆ ಬರುತ್ತೆ. ಮಲಗೋದು ಹೇಗೆ ಅಂತ ನಿಂಗೇ ಮರ್ತುಹೋಗಿದೆ."

"ಬಿದ್ರೆ, ಅತ್ತೆ?"

"ಕೂಗ್ತೀನಿ. ಕೆಳಗೆ ದರ್ಜಿಯಮ್ಮ ಬಾಗಿಲು ತೆರ್ಕೊಂಡೇ ಇರ್ತಾಳೆ. ನೀನು ಪಕ್ಕದಲ್ಲಿದ್ದು ಏನು ಬಂತಮ್ಮ? ಬದುಕಿರುವಾಗಲೇ ನಾನು ಹೆಣ ಆದೆ."

ಸೊಸೆಗೆ ನಗು ಬಂತು. ನಗು ಹಾಗೇ ಅಳುವಾಗಿ, ಅದಕ್ಕೂ ತ್ರಾಣ ಸಾಲದೆ ನಿಂತಿತು.

ಮಧ್ಯಾಹ್ನ ಗಂಡನ ಬಸ್ಸು ಬೀದಿಯ ತುದಿಗೆ ಬಂದಾಗ ಅವಳು ನಿಲ್ದಾಣದಲ್ಲಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬೀರುವಿನ ಕಾಗದವನ್ನು ಲಕೋಟೆಯಲ್ಲಿ ಹಿಡಿದು. ಒಬ್ಬರು ಒಳಗೆ ಬರುವಾಗ ಇನ್ನೊಬ್ಬರು ಹೊರಗೆ, ಹೊಸಿಲಿನ ಮೇಲೇ ಅವರ ಸಂಸಾರ. ಬೆಳಕಿನಲ್ಲಿ ಅವಳನ್ನು ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು.

"ಅಮ್ಮ?" ಅಂದ ಗಾಬರಿಯಿಂದ.

"ಚೆನ್ನಾಗಿದಾರೆ. ಇದನ್ನ ಆಸ್ಪತ್ರೆ ಆಫೀಸಲ್ಲಿ ಕೊಟ್ಬಿಡಿ. ದಾರೀಲೇ ಅಲ್ವಾ."

ಅವನು ಲಕೋಟೆ ನೋಡಿದ, ಅವಳನ್ನು ನೋಡಿದ. ಹಿಂದಿನ ಸೀಟಿನಿಂದ ಯಾರೋ, ಮನೆ ಮಾತು ಮನೇಲಾಡಿ ಸ್ವಾಮಿ ಅಂದರು. ಅವನು ಲಕೋಟೆಯನ್ನು ಮುಂದಿನ ಗಾಜಿಗೆ ಒರಗಿಸಿಟ್ಟು ಬಸ್ಸು ಬಿಟ್ಟ.

ವೃತ್ತ ಸುತ್ತಿ ಬಸ್ಸು ಎದುರಿನ ರಸ್ತೆಗೆ ಬಂದಾಗ ಗಾಜಿನ ಹಿಂದೆ ಬಿಳಿ ಚೂರೊಂದು ಬಿಸಿಲಲ್ಲಿ ಕಂಡಿತು. ಅವಳು ನಿಂತಲ್ಲೇ, ಬಾಯಿಗೆ ಕೈಯನ್ನೂ ಅಡ್ಡ ಹಿಡಿಯದೆ, ದೀರ್ಘವಾಗಿ ಆಕಳಿಸಿದಳು.