ಕೆಂಚೇಶಣ್ಣನ ಗ್ಯಾಲನ್

ನಮ್ಮ ಹಟ್ಟಿಯ ಕೈಪಂಪಿಗೆ ನೀಲಿ ಬಣ್ಣ ಬಳಿದವಳು ನಾನೇ. ನೀಲಿ ಅಂದರೆ ಕುಡಿಯಬಹುದು, ಕೆಂಪು ಅಂದರೆ ಬರೀ ಬಳಕೆಗೆ. ಇಂಥದ್ದನ್ನು ತೀರ್ಮಾನಿಸುವ ಅಧಿಕಾರ ಎಸ್ಸೆಸ್ಸೆಲ್ಸಿ ಪಾಸಾದ ಈ ಶೈಲಾಗೆ ಸಿಕ್ಕಿತಲ್ಲ ಅಂತ ಆವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಬಿಳಿಚೋಡಿನ ಸುತ್ತಮುತ್ತ ಊರಿಗೊಬ್ಬ ಹೆಂಗಸನ್ನು ಆರಿಸಿ ನೀರು ಪರೀಕ್ಷೆ ಕಲಿಸಿದ್ದರು. ನನ್ನ ಪಾಲಿಗೆ ಬಂದದ್ದು ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹಳೇ ಅಮೆರಿಕದ ಯಂತ್ರ. ನೀರಿನಲ್ಲಿ ಮೂಳೆ ಕೆಡಿಸುವ ಫ್ಲೋರೈಡ್ ಎಷ್ಟಿದೆ ಅಂತ ಅದು ಹೇಳುತ್ತದೆ, ಆದರೆ ನಮ್ಮ ಲೆಕ್ಕದಲ್ಲಿ ಹೇಳುವುದಿಲ್ಲ. ರಿಜಿಸ್ಟರಿನಲ್ಲಿ ನಾನು ಬರೆಯಬೇಕಾದದ್ದು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ. ಒಂದೂವರೆ ದಾಟಿದರೆ ಕೆಂಪು. ಯಂತ್ರ ತೋರಿಸುವುದು ಗ್ಯಾಲನ್‌ಗೆ ಎಷ್ಟು ಗ್ರೇನ್ ಅಂತ. ಒಂದು ಗ್ರೇನ್ ಅಂದರೆ ಸುಮಾರು ಅರವತ್ತೈದು ಮಿಲಿಗ್ರಾಂ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಗ್ಯಾಲನ್ ಅಂದರೆ ಎಷ್ಟೆಂದು ಬರೆದಿರಲಿಲ್ಲ.

ಅದಕ್ಕೇನು, ನಮ್ಮ ಕಡೆ ಗ್ಯಾಲನ್ ಗೊತ್ತಿಲ್ಲದವರು ಯಾರು? ಬೋರ್ ಕೊರೆಸಿದವರೆಲ್ಲ ಗಂಟೆಗೆ ಇಷ್ಟು ಗ್ಯಾಲನ್ ನೀರು ಬಿತ್ತು ಅಂತಲೇ ಮಾತಾಡುವುದು. ಬೋರ್ ಲಾರಿಯಲ್ಲಿ ಇಪ್ಪತ್ತು ವರ್ಷ ದುಡಿದ ಪಕ್ಕದ ಮನೆಯ ಕೆಂಚೇಶಣ್ಣನನ್ನು ಕೇಳಿದೆ.

"ನಾಕೂವರೆ ಲೀಟ್ರು, ಬರ್ಕೋ," ಅಂದ. "ಇದನ್ನೂ ಕೇಳಾಕೆ ಬಂದ್ಯಾ?"

ಯಂತ್ರ ತೋರಿಸಿದ್ದು ಒಂದು ಗ್ರೇನಿನ ಹತ್ತನೇ ಒಂದು ಪಾಲು. ಅಂದರೆ ಆರೂವರೆ ಮಿಲಿಗ್ರಾಂ. ಅದನ್ನು ನಾಲ್ಕೂವರೆಯಿಂದ ಭಾಗಿಸಿದೆ. ಒಂದು ಪಾಯಿಂಟ್ ನಾಲ್ಕು ನಾಲ್ಕು ಬಂತು. ಒಂದೂವರೆಯ ಒಳಗೇ ಇದೆ! ನೀಲಿ ಡಬ್ಬಿಯ ಮುಚ್ಚಳ ತೆಗೆದೆ.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ದೊಡ್ಡಕ್ಕಜ್ಜಿ. ಹಳೇ ಬಾವಿಯ ನೀರು ಕುಡಿದೂ ಕುಡಿದೂ ಅವಳ ಮೊಣಕಾಲು ಮಡಚುವುದಿಲ್ಲ, ಬೆನ್ನು ನೆಟ್ಟಗಾಗುವುದಿಲ್ಲ. ಒಳ್ಳೆಯ ನೀರಿನ ನಲ್ಲಿ ಇರುವುದು ಟಾರ್ ರಸ್ತೆಯ ಆಚೆ, ಒಂದು ಮೈಲಿ ದೂರ. ಈ ಕೈಪಂಪೋ ಅವಳ ಬಾಗಿಲಿಗೆ ಹತ್ತೇ ಹೆಜ್ಜೆ.

"ನಾನಂತೂ ಹಿಂಗಾದೆ. ನನ್ನ ಮೊಮ್ಮಗಳು ಪೂಜಾನ ಮೂಳೆ ಉಳಿಸ್ದೆ ಕಣವ್ವ," ಅಂತ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ನಾನು ದೊಡ್ಡ ಡಾಕ್ಟರ ಹಾಗೆ ತಲೆಯಾಡಿಸಿದೆ.

ನಾಲ್ಕು ತಿಂಗಳಾದ ಮೇಲೆ, ಯಂತ್ರ ತೊಳೆಯಲೆಂದು ಅದರ ಜೊತೆ ಬಂದಿದ್ದ ಶುದ್ಧ ನೀರಿನ ಕ್ಯಾನು ಖಾಲಿಯಾಯಿತು. ಗಟ್ಟಿ ಕ್ಯಾನು, ಬಿಸಾಕಲು ಮನಸ್ಸಾಗಲಿಲ್ಲ. ಮೇಲೆ 'ಒಂದು ಗ್ಯಾಲನ್' ಅಂತ ಅಚ್ಚಾಗಿತ್ತು. ಡೈರಿಗೆ ಹಾಕುವ ನಾಲ್ಕು ಲೀಟರ್ ಹಾಲು ಹಿಡಿದು ಇನ್ನೂ ಜಾಗ ಉಳಿಯುತ್ತದೆ ಅಂದುಕೊಂಡು ಅಳೆದು ಸುರಿದೆ. ಮೂರು ಲೀಟರ್ ಹಿಡಿಯಿತು. ನಾಲ್ಕನೆಯದು ಮುಗಿಯುವ ಮೊದಲೇ ಹಾಲು ಉಕ್ಕಿ ನನ್ನ ಪಾದದ ಮೇಲೆ ಹರಿಯಿತು.

"ಅಮೆರಿಕದೋರೂ ಅಳತೇಲಿ ಮೋಸ ಮಾಡ್ತಾರೆ ನೋಡ್ರಿ," ಅಂತ ಗಂಡನಿಗೆ ಹೇಳಿ ನಕ್ಕೆ. ನಗು ಅರ್ಧಕ್ಕೇ ನಿಂತಿತು.

ತರಬೇತಿ ಕೊಟ್ಟಿದ್ದ ಜ್ಯೋತಿಲಕ್ಷ್ಮಿ ಮೇಡಂಗೆ ಫೋನ್ ಹಚ್ಚಿದೆ. "ಮೇಡಂ, ಒಂದು ಗ್ಯಾಲನ್ ಅಂದ್ರೆ ಎಷ್ಟು ಲೀಟ್ರು?"

"ಯಾವ ದೇಶದ್ದು ಶೈಲಾ? ಬ್ರಿಟಿಷರದ್ದಾದ್ರೆ ನಾಲ್ಕೂವರೆ. ಅಮೆರಿಕದ್ದು ಇನ್ನೂ ಚಿಕ್ಕದು, ಮೂರು ಪಾಯಿಂಟ್ ಎಂಟು."

ಆರೂವರೆಯನ್ನು ಮೂರು ಪಾಯಿಂಟ್ ಎಂಟರಿಂದ ಭಾಗಿಸಿದೆ. ಒಂದು ಪಾಯಿಂಟ್ ಏಳು. ಮತ್ತೆ ಭಾಗಿಸಿದೆ. ಎಷ್ಟು ಸಲ ಭಾಗಿಸಿದರೂ ಅಷ್ಟೇ. ಕೆಂಚೇಶಣ್ಣ ಬೋರಿನವರ ಗ್ಯಾಲನ್ನನ್ನು ಸರಿಯಾಗಿಯೇ ಹೇಳಿದ್ದ. ಯಂತ್ರ ಎಲ್ಲಿಯದೆಂದು ನೋಡದೆ ಬರೆದುಕೊಂಡ ದಡ್ಡಿ ನಾನು.

"ಸುಮ್ನಿರು," ಅಂದರು ಗಂಡ. "ಒಂಚೂರು ಹೆಚ್ಚೈತೆ ಅಷ್ಟೇ. ಯಾರಿಗೆ ಗೊತ್ತಾಗ್ತೈತೆ?"

ಸುಮ್ಮನಿರಬೇಕು ಅಂತ ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಪೂಜಾಗೆ ಇನ್ನೂ ಮೂರು ವರ್ಷ. ಅವಳ ಮೂಳೆ ಬೆಳೆಯುವುದೆಲ್ಲ ಇನ್ನು ಮುಂದೆಯೇ.

ಬೆಳಿಗ್ಗೆ ಕೆಂಪು ಡಬ್ಬಿ ಹಿಡಿದು ಹೋದೆ. ಕೈಪಂಪಿನ ಮುಂದೆ ಕೊಡಗಳು ಸಾಲಾಗಿದ್ದವು. ನಿಂತಲ್ಲೇ ಎಲ್ಲವನ್ನೂ ಹೇಳಿದೆ.

"ನಾಕು ತಿಂಗ್ಳು ಕುಡಿಸಿಬಿಟ್ಟು ಈಗ ಹೇಳ್ತೀಯೇನೇ?" ಅಂತ ಮೂಕಮ್ಮ ಕೊಡ ಕುಕ್ಕಿದಳು. ಅವಳ ಮನೆಯಲ್ಲೂ ಎರಡು ಮಕ್ಕಳಿದ್ದವು. ಬಗ್ಗಿ ಬಣ್ಣ ಬಳಿಯತೊಡಗಿದೆ, ಅಳು ತಡೆಯಲಾಗಲಿಲ್ಲ.

ಬಾಗಿಲಲ್ಲಿ ಕಾಲು ನೀಡಿ ಕೂತಿದ್ದ ದೊಡ್ಡಕ್ಕಜ್ಜಿ ಅಲ್ಲಿಂದಲೇ ಕೇಳಿದಳು. "ಹಳೇ ಬಾವೀಲಿ ಎಷ್ಟಿತ್ತೇ?"

"ನಾಕರ ಮೇಲಿತ್ತಜ್ಜಿ."

"ಅದನ್ನ ನಲವತ್ತು ವರ್ಷ ಕುಡಿದ್ವಿ. ಒಬ್ಬನಾದ್ರೂ ಬಂದು ನನ್ನ ಮುಂದೆ ನಿಂತು ಹಿಂಗೆ ಅತ್ತನೇನು?"

ಅಜ್ಜಿ ಬಾಗಿಲಕಟ್ಟು ಹಿಡಿದು ಕಷ್ಟಪಟ್ಟು ಎದ್ದಳು. ಒಳಗಿನಿಂದ ಕುಡಿಯುವ ನೀರಿನ ಬಿಂದಿಗೆ ತಂದು, ಇದ್ದ ನೀರನ್ನೆಲ್ಲ ಬಟ್ಟೆ ನೆನೆಸಿದ ಬಕೆಟ್ಟಿಗೆ ಸುರಿದಳು. ಖಾಲಿ ಬಿಂದಿಗೆಯನ್ನು ನನ್ನ ಮುಂದೆ ಹಿಡಿದಳು.

"ರಸ್ತೆಯಾಚೆ ನಲ್ಲೀಗಂಟ ನಡೆಯಾಕೆ ನನ್ ಕೈಲಾಗಲ್ಲ. ನೀನು ತಂದ್ಕೊಡು. ನೀನು ಒಳ್ಳೇದು ಅಂದ ನೀರೇ ಪೂಜಾಗೆ ಕುಡಿಸ್ತೀನಿ."

ಕೆಂಪು ಮೆತ್ತಿದ ಕೈಯಲ್ಲೇ ಬಿಂದಿಗೆ ತೆಗೆದುಕೊಂಡೆ. ಆ ಬೆರಳಚ್ಚು ಇನ್ನೂ ಅದರ ಕಂಠದ ಮೇಲಿದೆ. ದಿನಾ ಬೆಳಿಗ್ಗೆ ನಲ್ಲಿಯ ಕೆಳಗೆ ಇಡುವಾಗ ನನ್ನ ಕಣ್ಣಿಗೆ ಬೀಳುತ್ತದೆ.